ಸೀರೆ ಅಂಗಡಿಯಲ್ಲಿ ಬಂದ ಕತ್ತುನೋವು

"ಕೂತ್ಕೊಂಡೇ ತೋರಿಸಿ" ಎಂದೆ. ಮಾರೇನಹಳ್ಳಿಯ ಅಂಗಡಿಯಲ್ಲಿ ಕುರ್ಚಿ ಮೇಲೆ ಕೂತಿದ್ದ ನನಗೆ ನಿಂತೇ ಸೀರೆ ತೋರಿಸುತ್ತಿದ್ದ ಬಾಗಲಕೋಟೆ ಕಡೆಯ ರೇಣುಕಾ ಗಾಬರಿಯಾದರು. "ಕುಂತ್ರ ಮಾಲಕ್ರು ಬೈತಾರ್ರೀ ಅಕ್ಕಾರ. ಇಡೀ ದಿನ ನಿಂತ್ಕೊಂಡ ಇರಬೇಕ್ರಿ." ಕೌಂಟರಿನ ಹಿಂದೆ ಒಂದು ಸ್ಟೂಲೂ ಇರಲಿಲ್ಲ.

ಇಲ್ಲದ ಕತ್ತುನೋವು ತಂದುಕೊಂಡು ಮಾಲೀಕರನ್ನು ಕರೆದೆ. "ಇವರನ್ನ ಕತ್ತೆತ್ತಿ ನೋಡೋಕಾಗ್ತಿಲ್ಲ ಸಾರ್. ಕೂರಿಸ್ತೀರೋ, ನಾನೇ ಪಕ್ಕದ ಅಂಗಡಿಗೆ ಹೋಗ್ಲೋ?" ಮದುವೆ ಸೀರೆಯ ಗಿರಾಕಿಯನ್ನು ಬಿಡುವುದುಂಟೇ, ಸ್ಟೂಲು ಬಂತು. ಇದನ್ನೇ ನೋಡುತ್ತಿದ್ದ ಪಕ್ಕದ ಕೌಂಟರಿನ ಗಿರಾಕಿಯೂ ಮೆಲ್ಲಗೆ ಕತ್ತು ಹಿಡಿದುಕೊಂಡರು.

ಮೊನ್ನೆ ಹೋದಾಗ ಎಲ್ಲ ಕೌಂಟರಿನ ಹಿಂದೆಯೂ ಸ್ಟೂಲುಗಳಿದ್ದವು. "ಗಿರಾಕಿಗಳ ಕತ್ತು ನಮಗೆ ಮುಖ್ಯ ಮೇಡಂ" ಎಂದರು ಮಾಲೀಕರು. ಕೆಲಸದವರ ಕಾಲಿನ ಸುದ್ದಿ ಎತ್ತಲಿಲ್ಲ. ರೇಣುಕಾ ಕೂತಲ್ಲಿಂದಲೇ ಕೇಳಿದರು: "ಕುತ್ತಿಗಿ ನೋವು ಕಡಿಮಿ ಆತೇನ್ರೀ ಅಕ್ಕಾರ?"