ಸರದ ಬದಲು ಬಂದ ಶೇರುಗಳು

ಮೇ 11, ಭಾನುವಾರ, ಮಧ್ಯಾಹ್ನ 2.40. ಉರ್ವದ ಬಾಡಿಗೆ ಮನೆ. ನರ್ಸಿಂಗ್ ಕಾಲೇಜಿಗೆ ಮೊದಲ ವರ್ಷದ ಶುಲ್ಕ ಕಟ್ಟಲು ಇನ್ನು ಐದು ದಿನ ಇದೆ.

ನನ್ನ ಜ್ಞಾನಸ್ನಾನದ ದಿನ ಇಗರ್ಜಿಯಲ್ಲಿ ನನ್ನನ್ನು ಎತ್ತಿಕೊಂಡು ನಿಂತವರು ಅಮ್ಮನ ಅಕ್ಕ, ನನ್ನ ಮಾವ್ಶಿ. ಹಾಗೆ ನಿಂತವರು ಮಗುವಿಗೆ ಚಿನ್ನ ಹಾಕುವುದು ನಮ್ಮ ಮನೆಯ ರೂಢಿ. ಆಗ ಗಲ್ಫಿನಲ್ಲಿ ನರ್ಸ್ ಆಗಿದ್ದ ಮಾವ್ಶಿ ಸರ ತರಲಿಲ್ಲ. ಆ ಹಣದಲ್ಲಿ ಒಂದೇ ಕಂಪೆನಿಯ ಶೇರುಗಳನ್ನು ನನ್ನ ಹೆಸರಿಗೆ ಕೊಂಡು, ಇವಳ ನರ್ಸಿಂಗ್ ಓದಿಗೆ ಇದು ಸಾಕು ಎಂದರಂತೆ.

ಪಿಯುಸಿ ಮುಗಿದ ವರ್ಷ ನೋಟ್‌ಬುಕ್ಕಿನ ನಡುವೆ ಒಂದು ಗೀಟು ಎಳೆದೆ. ಎಡಗಡೆ ಶೇರುಗಳ ಬೆಲೆ. ಬಲಗಡೆ, ಅದರಿಂದ ಎಷ್ಟು ವರ್ಷದ ಶುಲ್ಕ ಕಟ್ಟಬಹುದು ಎಂಬ ಲೆಕ್ಕ. ಓದು ನಾಲ್ಕು ವರ್ಷದ್ದು, ಲೆಕ್ಕ ಬಂದದ್ದು ಮೂರೂವರೆ. ಒಂದು ವರ್ಷ ಕಾದರೆ ನಾಲ್ಕು ತುಂಬುತ್ತದೆ ಎಂದು ನಾನೇ ತೀರ್ಮಾನಿಸಿ ತೊಕ್ಕೊಟ್ಟಿನ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ.

ಮುಂದಿನ ಮೇ ತಿಂಗಳಲ್ಲಿ ಎಡಗಡೆಯ ಅಂಕಿ ಏರಿತ್ತು. ಬಲಗಡೆ ಮೂರೂಕಾಲು; ಇನ್ನೊಂದು ವರ್ಷ ನೋಡೋಣ ಎಂದುಕೊಂಡೆ. ಅದರ ಮುಂದಿನ ಮೇ, ಎಡಗಡೆ ಮತ್ತೆ ಏರಿಕೆ, ಬಲಗಡೆ ಮೂರು. ಈ ಮೇ, ಎರಡು ಮುಕ್ಕಾಲು. ಸಂಬಳವೂ ಹೆಚ್ಚಾಯಿತು; ಹೆಚ್ಚಿದ್ದನ್ನು ಬಾಡಿಗೆ, ಬಸ್ಸು, ಮೀನು ಹಂಚಿಕೊಂಡವು. ಮೂರು ವರ್ಷದಲ್ಲಿ ಶೇರಿನಲ್ಲಿ ಒಮ್ಮೆಯೂ ನಷ್ಟವಾಗಲಿಲ್ಲ. ಆದರೂ ಮುಕ್ಕಾಲು ವರ್ಷದ ಓದು ಕಡಿಮೆಯಾಗಿತ್ತು.

ಈಗ ಕೂಳೂರಿನಲ್ಲಿರುವ ಮಾವ್ಶಿಗೆ ಇವತ್ತು ಊಟದ ನಂತರ ಫೋನ್ ಮಾಡಿ, ಮಾರುತ್ತೇನೆ ಎಂದೆ. ಸ್ಪೀಕರ್ ಹಾಕಿದ್ದೆ.

"ಮಾರ್ಬೇಡ ಬಾಯೆ. ಮೇಲೆ ಹೋಗ್ತಾ ಉಂಟಲ್ಲ?"

"ಉಂಟು ಮಾವ್ಶಿ. ಕಾಲೇಜಿನ ಫೀಸು ಅದಕ್ಕಿಂತ ಜೋರು ಹೋಗ್ತಾ ಉಂಟು."

"ವರ್ಷ ವರ್ಷ ಬಂದ ಡಿವಿಡೆಂಡ್ ಎಂತ ಮಾಡಿದ್ದಿ? ಅದನ್ನೂ ಸೇರಿಸ್ಬೇಕಲ್ಲ?"

ನಾನು ಸೇರಿಸಿರಲಿಲ್ಲ. ಅಡುಗೆಮನೆಯಿಂದ ಅಮ್ಮ ಉತ್ತರ ಕೊಟ್ಟರು: "ಅದು ಕ್ರಿಸ್‌ಮಸ್ ಕುಸ್ವಾರ್ ತಿಂಡಿಗಳಿಗೆ ಹೋಗಿದೆ. ಎಲ್ಲದಕ್ಕೂ ಲೆಕ್ಕ ಇಡುವವಳು ನೆವ್ರಿ ಮಾತ್ರ ಲೆಕ್ಕ ಇಲ್ಲದೆ ತಿಂದಿದ್ದಾಳೆ."

ಮಾವ್ಶಿ ನಕ್ಕರು. "ಹಾಗಾದ್ರೆ ನನ್ನ ಶೇರಿಗೆ ಬೈಬೇಡ ಮಾರಾಯ್ತಿ."

ಫೋನ್ ಇಟ್ಟು ಪಾಸ್‌ಬುಕ್ ತೆಗೆದೆ. ಬಂದ ಡಿವಿಡೆಂಡನ್ನೆಲ್ಲ ಉಳಿಸಿ ಕೂಡಿಸಿದ್ದರೂ ಮೂರು ವರ್ಷದ ಶುಲ್ಕ ದಾಟುತ್ತಿರಲಿಲ್ಲ.

"ಮೂರನೇ ವರ್ಷದ ನಡುವಲ್ಲಿ ದುಡ್ಡು ಮುಗಿದ್ರೆ?" ಅಮ್ಮ ಬಾಗಿಲಲ್ಲಿ ನಿಂತು ಕೇಳಿದರು.

"ಇನ್ನೂ ಮೂರು ವರ್ಷ ಕಾದ್ರೆ ಎರಡನೇ ವರ್ಷಕ್ಕೇ ಮುಗೀತದೆ ಅಮ್ಮ."

"ಇದನ್ನು ನೀನು ಮೂರು ವರ್ಷದ ಹಿಂದೆ ಹೇಳ್ಬೇಕಿತ್ತು."

ನಾಳೆ ಬೆಳಿಗ್ಗೆ ಒಂದು ವರ್ಷದ ಶುಲ್ಕಕ್ಕೆ ಬೇಕಾದಷ್ಟು ಶೇರು ಮಾರಿ ಸೀಟು ತೆಗೆದುಕೊಳ್ಳುತ್ತೇನೆ. ಉಳಿದದ್ದನ್ನು ಆ ಒಂದೇ ಕಂಪೆನಿಯಲ್ಲಿ ಬಿಟ್ಟರೆ ಬೀಳಬಹುದು. ಬ್ಯಾಂಕಿನಲ್ಲಿಟ್ಟರೆ ಶುಲ್ಕದ ಓಟಕ್ಕೆ ಸಾಲುವುದಿಲ್ಲ. ಇವೆರಡಲ್ಲದ ದಾರಿ ಬಲ್ಲವರಿದ್ದರೆ, ಅಥವಾ ನಡುವಿನಲ್ಲಿ ಹಣ ಮುಗಿದೂ ಓದು ಮುಗಿಸಿದವರಿದ್ದರೆ, ಹೇಗೆಂದು ನನಗೆ ಬರೆದು ತಿಳಿಸಿ.