ಹದಿನಾಲ್ಕು ಬೆನ್ನುಗಳು

ನನ್ನ ಚಿಕ್ಕಮ್ಮ ಇಪ್ಪತ್ತೆರಡು ವರ್ಷಗಳಿಂದ ವೃದ್ಧಾಶ್ರಮವೊಂದರಲ್ಲಿ ನರ್ಸು. ಅಲ್ಲಿ ಹದಿನಾಲ್ಕು ಜನ ತಾವಾಗಿ ಹೊರಳಲಾರರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಸೊಂಟದಲ್ಲಿ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗುತ್ತದೆ, ಆಮೇಲೆ ಹುಣ್ಣು. ಅವಳು ಬದಲಿಸುತ್ತಾಳೆ. "ಮನೇಲೂ ನಿದ್ದೆಗಣ್ಣಲ್ಲಿ ನನ್ನ ಮಗುಚಿ ಹಾಕ್ತಾಳೆ ಕಣೇ," ಎನ್ನುತ್ತಾರೆ ಚಿಕ್ಕಪ್ಪ.

ಆಶ್ರಮ ನಡೆಯುವುದು ಸರ್ಕಾರದ ಅನುದಾನದಿಂದ. ಈ ವರ್ಷ ಅದು ಇಳಿಯಿತು. ಹಗಲು ಪಾಳಿಯ ಮೂವರು ನರ್ಸುಗಳಲ್ಲಿ ಕಿರಿಯವಳ ಹುದ್ದೆ ತೆಗೆಯಬಹುದೇ ಎಂದು ನೋಡಲು ಅಧಿಕಾರಿಯೊಬ್ಬರು ಬಂದರು. ಅಂದು ಚಿಕ್ಕಮ್ಮ ಮತ್ತು ಕಿರಿಯವಳು ಇಬ್ಬರೇ; ಮೂರನೆಯವಳು ರಜೆಯಲ್ಲಿದ್ದಳು. ಊಟದ ಡಬ್ಬಿ ಕೊಡಲು ಹೋಗಿದ್ದ ನಾನು ಬಾಗಿಲಲ್ಲೇ ನಿಂತೆ.

ಅವರು ರಿಜಿಸ್ಟರ್ ತಿರುವಿದರು. "ಮೂರು ವರ್ಷದಿಂದ ಒಬ್ಬರಿಗೂ ಹುಣ್ಣಾಗಿಲ್ಲ. ಹಾಗಾದ್ರೆ ಇಬ್ಬರು ಸಾಕಲ್ವಾ ಸಿಸ್ಟರ್?"

ಕಿರಿಯವಳ ಮುಖ ಬಿಳಿಚಿಕೊಂಡಿತು. ಚೆನ್ನಾಗಿ ಮಾಡಿದ ಕೆಲಸವೇ ಅವಳ ಕೆಲಸ ಕಿತ್ತುಕೊಳ್ಳುತ್ತಿತ್ತು.

"ಮೂವರಿದ್ದೀವಿ ಅಂತಾನೇ ಆಗಿಲ್ಲ ಸಾರ್," ಎಂದಳು ಚಿಕ್ಕಮ್ಮ. "ಕೈ ತೊಳ್ಕೊಂಡು ಬನ್ನಿ. ನನ್ನ ಜೊತೆ ಒಂದು ಸುತ್ತು ಮಾಡಿ."

ಅವರು ನಕ್ಕರು. ಅವಳು ನಗಲಿಲ್ಲ. ಅವರು ಅಂಗಿಯ ತೋಳು ಮಡಚಿದರು.

ಮಂಚದ ಆಚೆ ಅವರು, ಈಚೆ ಅವಳು. ಮೈಕೆಳಗಿನ ಬಟ್ಟೆ ಹಿಡಿದು ಒಟ್ಟಿಗೆ ಎಳೆಯಬೇಕು, ಹೊರಳಿಸಿ ಒರೆಸಬೇಕು, ಮೊಣಕಾಲ ನಡುವೆ ದಿಂಬಿಡಬೇಕು. ಒಬ್ಬರಿಗೆ ಎಂಟು ನಿಮಿಷ. ಮೂರನೆಯ ಮಂಚದ ಮುದುಕ ಹಿಂದೆ ಬಸ್ ಓಡಿಸುತ್ತಿದ್ದವನು. "ನಿಧಾನ ಸಾಹೇಬ್ರೇ, ರಿವರ್ಸ್ ತಗೊಳ್ವಾಗ ಹಿಂದೆ ನೋಡ್ಬೇಕು," ಎಂದ. ಆರನೆಯದರ ಹೊತ್ತಿಗೆ ಸಾಹೇಬರ ಅಂಗಿ ಮೈಗಂಟಿತ್ತು. ಅಷ್ಟೂ ಹೊತ್ತು ಕಿರಿಯವಳೊಬ್ಬಳೇ ಮಾತ್ರೆ ಕೊಡುತ್ತ, ತುತ್ತು ತಿನ್ನಿಸುತ್ತ, ಕರೆದಲ್ಲಿಗೆಲ್ಲ ಓಡುತ್ತಿದ್ದಳು. ಒಮ್ಮೆಯೂ ಕೂರಲಿಲ್ಲ.

ಕೊನೆಯ ಮಂಚದ ಅಜ್ಜಿ ಎದ್ದು ನಿಂತು ಒಂಬತ್ತು ವರ್ಷವಾಗಿತ್ತು. ಚಿಕ್ಕಮ್ಮ ಅವಳನ್ನು ಕೇಳಿ, ಬೆನ್ನ ಮೇಲಿನ ಬಟ್ಟೆ ಸರಿಸಿದಳು. ಕಿಟಕಿಯ ಬೆಳಕಿನಲ್ಲಿ ಸುಕ್ಕುಗಳು, ಅಷ್ಟೇ. ಒಂದು ಕಲೆಯೂ ಇರಲಿಲ್ಲ. ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ಹೆಚ್ಚುಕಡಿಮೆ ನಲವತ್ತು ಸಾವಿರ ಸಲ ಯಾರ್ಯಾರದೋ ಕೈಗಳು ಈ ಮೈಯನ್ನು ಹೊರಳಿಸಿವೆ.

"ಒಂಬತ್ತು ವರ್ಷಾನಾ?" ಅಧಿಕಾರಿಯ ದನಿ ತಗ್ಗಿತ್ತು.

"ಹೂಂ. ಗಂಟೆ ನೋಡಿ ಸಾರ್. ಮೊದಲನೇ ಮಂಚದವರ ಸರದಿ ಮತ್ತೆ ಬಂತು."

ಮೂವರೂ ಬೇಕೆಂದು ಬರೆದು ಅವರು ಹೋದರು. ತಿಂಗಳ ಮೇಲೆ ಆದೇಶ ಬಂತು: ಒಂದು ವರ್ಷದ ಮಟ್ಟಿಗೆ ಹುದ್ದೆ ಉಳಿದಿದೆ. ಓದಿ ಕಿರಿಯವಳು ಗೋಡೆಗೊರಗಿ ಅತ್ತಳಂತೆ.

"ಅಳೋದು ಆಮೇಲೆ ಇಟ್ಕೋ ಪುಟ್ಟಿ," ಎಂದಳಂತೆ ಚಿಕ್ಕಮ್ಮ. "ಅಜ್ಜಿ ಹಿಮ್ಮಡಿ ನೋಡ್ದೆಯಾ?"