ದೇವರ ಪೆಟ್ಟಿಗೆಯಲ್ಲಿದ್ದ ಕಾರ್ಡು

ಶಿಕಾರಿಪುರದ ಕೆರೆ ಕಡೆಯ ಬೀದಿಯಲ್ಲಿ ಗಾಡಿ ಕೆಂಪಪ್ಪನ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ. ಕೆಂಪಪ್ಪ ಸುತ್ತಲ ಹಳ್ಳಿಗಳ ಭತ್ತವನ್ನು ಎತ್ತಿನ ಗಾಡಿಯಲ್ಲಿ ಪೇಟೆಗೆ ತರುವವನು. ಅವನ ಮಗಳು ಶೇಷಮ್ಮ ೧೯೫೬ರಲ್ಲಿ ಎಸ್.ಎಸ್.ಎಲ್.ಸಿ. ಪಾಸು ಮಾಡಿದಳು. ಆ ಬೀದಿಯಲ್ಲಿ ಅಷ್ಟು ಓದಿದ ಹೆಣ್ಣು ಅವಳೊಬ್ಬಳೇ. ಗಂಡಸರನ್ನು ಸೇರಿಸಿಕೊಂಡರೂ ಮೂರನೆಯವಳು.

ಓದಿಸಿದ್ದು ಅಪ್ಪನಲ್ಲ, ಅಜ್ಜಿ. ಬಹಳ ಹಿಂದೆ ಅಜ್ಜಿಯ ಕಿರಿಯ ಮಗ ಕಾಫಿ ತೋಟಕ್ಕೆ ಕೂಲಿಗೆ ಹೋಗಿದ್ದ. ಅಲ್ಲಿಂದ ಒಂದು ಕಾಗದ ಬಂತು. ಮನೆಯಲ್ಲಿ ಯಾರಿಗೂ ಅಕ್ಷರ ಬಾರದು. ಓದಬಲ್ಲವರ ಮನೆ ಬಾಗಿಲಿಗೆ ಅಜ್ಜಿ ನಾಲ್ಕು ದಿನ ಅಲೆದಳು. ಒಬ್ಬರು ಊಟಕ್ಕೆ ಕೂತಿದ್ದರು, ಒಬ್ಬರು ಊರಲ್ಲಿರಲಿಲ್ಲ, ಒಬ್ಬರು ನಾಳೆ ಬಾ ಎಂದರು. ಐದನೆಯ ದಿನ ಓದಿಸಿದಾಗ ಅದರಲ್ಲಿ ಇದ್ದದ್ದು ಮಗನಿಗೆ ಜ್ವರ, ಬೇಗ ಬನ್ನಿ ಎಂಬ ಎರಡು ಸಾಲು. ಇವರು ಹೋಗಿ ಮುಟ್ಟುವ ಹೊತ್ತಿಗೆ ಮಣ್ಣು ಮಾಡಿಯಾಗಿತ್ತು. ಆಮೇಲೆ ಹುಟ್ಟಿದ ಮೊಮ್ಮಗಳನ್ನು ಅಜ್ಜಿ ತಾನೇ ಕೈಹಿಡಿದು ಶಾಲೆಗೆ ಬಿಟ್ಟು ಬಂದಳು. ಕೆಂಪಪ್ಪ ಗೊಣಗಿದಾಗಲೆಲ್ಲ ಅವಳದು ಒಂದೇ ಮಾತು: "ಈ ಮನ್ಯಾಗೆ ಕಾಗ್ದ ಓದೋರು ಒಬ್ರು ಇರ್ಲಿ ಕಣೋ."

ಪಾಸಾದ ಹುಡುಗಿ ಶಿವಮೊಗ್ಗದ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಬರೆಸಿದರೆ ಶಾಲೆಯಲ್ಲಿ ಕೆಲಸ ಸಿಗುತ್ತದೆ, ಟ್ರೈನಿಂಗ್ ಆಗದವರನ್ನೂ ಈಗ ತೆಗೆದುಕೊಳ್ಳುತ್ತಿದ್ದಾರೆ ಎಂದು ಹೈಸ್ಕೂಲಿನ ಮೇಷ್ಟರೇ ಹೇಳಿದ್ದರು. ಶೇಷಮ್ಮನೂ, ಅವಳ ಜೊತೆ ಓದಿದ ಸೊರಬದ ರಾಜೇಶ್ವರಮ್ಮನೂ ಒಂದೇ ಬಸ್ಸಿನಲ್ಲಿ ಹೋದರು. ಜೂನ್ ಹದಿನಾಲ್ಕು. ಸಾಲಿನಲ್ಲಿ ಶೇಷಮ್ಮ ಮುಂದೆ, ರಾಜೇಶ್ವರಮ್ಮ ಹಿಂದೆ. ಹಾಗಾಗಿ ಇವಳ ನಂಬರು ೧೧೮೩, ಅವಳದು ೧೧೮೪.

"ಮುಂದೆ ನಿಂತಿದ್ದಕ್ಕೆ ನಿಂಗೆ ಮೊದ್ಲು ಕೆಲ್ಸ. ನನ್ನ ಮರೀಬ್ಯಾಡ ಮಾರಾಯ್ತಿ," ಎಂದು ರಾಜೇಶ್ವರಮ್ಮ ನಕ್ಕಳು.

ಗುಮಾಸ್ತ ಇಬ್ಬರಿಗೂ ಒಂದೊಂದು ಕಾರ್ಡು ಕೊಟ್ಟು ಎರಡು ಸಲ ಹೇಳಿದ: ಎರಡು ತಿಂಗಳಿಗೊಮ್ಮೆ, ಹದಿನಾಲ್ಕನೆಯ ತಾರೀಖಿನೊಳಗೆ, ಈ ಕಾರ್ಡು ಕಚೇರಿಗೆ ಬಂದು ಮೊಹರು ಹಾಕಿಸಿಕೊಂಡು ಹೋಗಬೇಕು. ಅಂಚೆಯಲ್ಲಿ ಕಳಿಸಿದರೂ ಸರಿ. ತಪ್ಪಿದರೆ ಹೆಸರು ತೆಗೆಯುತ್ತಾರೆ. ಮತ್ತೆ ಬರೆಸಿದರೆ ಹೊಸ ನಂಬರು, ಸಾಲಿನ ಕೊನೆ.

ತಾಯಿ ಹೂವಮ್ಮ ಆ ಕಾರ್ಡನ್ನು ಎರಡು ಕೈಯಲ್ಲಿ ಇಸಿದುಕೊಂಡಳು. ಆ ಮನೆಯಲ್ಲಿ ಬೆಲೆಯುಳ್ಳದ್ದು ಏನೇ ಬರಲಿ, ಮನೆಯ ಪತ್ರವಿರಲಿ, ಮದುವೆಗೆಂದು ತಂದ ತಾಳಿಯಿರಲಿ, ಸೇರುವುದು ದೇವರ ಮೂಲೆಯ ಮರದ ಪೆಟ್ಟಿಗೆಗೆ. ಕಾರ್ಡೂ ಅಲ್ಲಿಗೇ ಸೇರಿತು. ಎರಡು ತಿಂಗಳಿಗೊಮ್ಮೆ ಹೂವಮ್ಮ ಸ್ನಾನ ಮಾಡಿ ಅದನ್ನು ತೆಗೆದು ಕೊಡುವಳು. ಶೇಷಮ್ಮ ಅಂಚೆಗೆ ಹಾಕುವಳು. ಮೊಹರು ಬಿದ್ದು ವಾಪಸು ಬಂದರೆ ಅರಿಸಿನ ಕುಂಕುಮ ಕಂಡು ಮತ್ತೆ ಪೆಟ್ಟಿಗೆಯೊಳಗೆ.

ಅಂಚೆಯ ಹುಚ್ಚರಾಯಪ್ಪ ಲಕೋಟೆ ಕೊಡುವಾಗ ತಮಾಷೆ ಮಾಡುತ್ತಿದ್ದ. "ಏನವ್ವ ಶೇಷಮ್ಮ, ನಿನ್ ಕಾರ್ಡು ಶಿವಮೊಗ್ಗ ನೋಡಿದಷ್ಟು ಸಲ ನಾನೂ ನೋಡಿಲ್ಲ ನೋಡು."

"ನಿಮ್ಮನ್ನೂ ಲಕೋಟೆಗೆ ಹಾಕಿ ಕಳಿಸ್ಲೇನು ಹುಚ್ರಾಯಣ್ಣ?"

"ಕಳ್ಸವ್ವ. ವಾಪಸ್ ಬರೋ ಅಂಚೆಚೀಟಿ ಮಾತ್ರ ಹಚ್ಚಬ್ಯಾಡ."

ಹೀಗೆ ಒಂದು ವರ್ಷ ಕಳೆಯಿತು. ಅಣ್ಣ ಜಟ್ಟಪ್ಪ ಮೂರನೇ ತರಗತಿಗೇ ಶಾಲೆ ಬಿಟ್ಟವನು. ಅಂಬ್ಲಿಗೊಳದಲ್ಲಿ ಅಣೆಕಟ್ಟೆಯ ಮಣ್ಣು ಕೆಲಸಕ್ಕೆ ಜನ ಬೇಕು ಎಂದು ಕೇಳಿ ಒಂದು ಬೆಳಿಗ್ಗೆ ಹೋದ. ಮೇಸ್ತ್ರಿ ಅವನ ಹೆಸರನ್ನೂ ಕೇಳಲಿಲ್ಲವಂತೆ. ಅಂಗೈ ತೋರಿಸು ಎಂದ, ಹೆಬ್ಬೆರಳಿನಿಂದ ಒತ್ತಿ ನೋಡಿದ, ಬುಟ್ಟಿ ಕೊಟ್ಟ. ಮಧ್ಯಾಹ್ನದ ಹೊತ್ತಿಗೆ ಜಟ್ಟಪ್ಪ ಕೆಲಸದವನಾಗಿದ್ದ.

ಆ ವಾರ ಕೆಂಪಪ್ಪ ಊಟಕ್ಕೆ ಕೂತು ಅಂದ: "ಅವನಿಗೆ ಅಂಗೈ ನೋಡಿ ಕೆಲ್ಸ ಕೊಟ್ರು. ಇವಳಿಗೆ ಹಣೆ ನೋಡಿ ಕೊಡ್ತಾರೇನೋ. ಹನ್ನೊಂದು ವರ್ಷ ಓದಿದ್ದಾಯ್ತು, ಇನ್ನ ಹನ್ನೊಂದು ವರ್ಷ ಕಾಯ್ಲಿ."

"ನೀ ಸುಮ್ನೆ ಉಣ್ಣೋ," ಎಂದಳು ಅಜ್ಜಿ.

ಶೇಷಮ್ಮ ಸಗಣಿ ಬಾಚುವಳು, ಭತ್ತ ಕುಟ್ಟುವಳು, ನೀರು ಸೇದುವಳು. ಆದರೆ ಹತ್ತು ಗಂಟೆಗೆ ಆಚೆ ಬೀದಿಯ ಪ್ರೈಮರಿ ಶಾಲೆಯ ಗಂಟೆ ಕೇಳಿದೊಡನೆ ಕೈ ತಾನಾಗಿ ನಿಲ್ಲುವುದು. ಹಿತ್ತಿಲ ಗೋಡೆಯ ಮೇಲೆ ಇದ್ದಿಲಿನಿಂದ ದಿನವೂ ಒಂದು ಸಾಲು ಅಕ್ಷರ ಬರೆಯುವಳು, ಶಾಲೆಯ ಹಲಗೆಯ ಮೇಲೆ ಬರೆಯುವಷ್ಟು ದೊಡ್ಡದಾಗಿ, ಹಿಂದಿನ ಸಾಲಿನ ಮಕ್ಕಳಿಗೂ ಕಾಣುವ ಹಾಗೆ. ಸಂಜೆ ತಾನೇ ಒರೆಸುವಳು. ಶಾಲೆ ಕಲಿಸುವ ಹೆಂಗಸರನ್ನು ಮಕ್ಕಳು ಅಕ್ಕೋರು ಎನ್ನುತ್ತಾರೆ. ಆ ಕರೆ ತನ್ನ ಬೆನ್ನ ಹಿಂದೆ ಹೇಗೆ ಕೇಳಿಸೀತು ಎಂದು ಅವಳು ಎಷ್ಟೋ ಸಲ ನೆನೆದಿದ್ದಳು. ಯಾರಿಗೂ ಹೇಳಿರಲಿಲ್ಲ.

೧೯೫೮ರ ಜನವರಿಯ ಕೊನೆಗೆ ಸೊರಬದಿಂದ ರಾಜೇಶ್ವರಮ್ಮನ ಕಾಗದ ಬಂತು. ಶಾಲೆಗಳಿಗೆ ಹೆಂಗಸರನ್ನು ಕರೆಯುತ್ತಿದ್ದಾರೆ. ೧೧೪೦ರ ನಂಬರಿನವಳಿಗೆ ಕರೆ ಹೋಗಿದೆ. ಮುಂದಿನ ತಿಂಗಳು ನಾವೇ ಕಣೇ.

ಶೇಷಮ್ಮ ಅದನ್ನು ಅಜ್ಜಿಗೆ ಓದಿ ಹೇಳಿದಳು. ಅಜ್ಜಿ ಇನ್ನೊಮ್ಮೆ ಓದಿಸಿದಳು. ಆಮೇಲೆ ಕಾಗದವನ್ನು ಕೈಗೆ ತೆಗೆದುಕೊಂಡು, ಬೆರಳಿನಿಂದ ಸಾಲುಗಳ ಮೇಲೆ ತಡವಿ, "ಇದ್ರಾಗೆ ನಿನ್ ಹೆಸ್ರು ಎಲ್ಲೈತೆ?" ಎಂದು ಕೇಳಿದಳು. ತೋರಿಸಿದಾಗ ಅಲ್ಲಿ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತಳು.

ಫೆಬ್ರವರಿ ಐದರಂದು ಅಜ್ಜಿ ತೀರಿಕೊಂಡಳು. ಬೆಳಿಗ್ಗೆ ಎದ್ದು ಅಂಗಳಕ್ಕೆ ಬಂದವಳು ತುಳಸಿಕಟ್ಟೆಗೆ ಒರಗಿ ಕೂತಳು, ಮತ್ತೆ ಏಳಲಿಲ್ಲ.

ಅವರಲ್ಲಿ ಸೂತಕ ಹನ್ನೊಂದು ದಿನ. ಅಷ್ಟು ದಿನ ಮನೆಯವರು ದೇವರ ದೀಪ ಹಚ್ಚುವಂತಿಲ್ಲ, ದೇವರ ಪೆಟ್ಟಿಗೆ ಮುಟ್ಟುವಂತಿಲ್ಲ, ಇನ್ನೊಬ್ಬರ ಮನೆ ಹೊಸಲು ದಾಟುವಂತಿಲ್ಲ. ಶುದ್ಧವಾಗುವುದು ಹದಿನೈದಕ್ಕೆ. ಕಾರ್ಡು ಶಿವಮೊಗ್ಗ ಮುಟ್ಟಬೇಕಾದದ್ದು ಹದಿನಾಲ್ಕಕ್ಕೆ.

ಮೊದಲ ಮೂರು ದಿನ ಶೇಷಮ್ಮನಿಗೆ ಅದು ನೆನಪಾಗಲೇ ಇಲ್ಲ. ನಾಲ್ಕನೆಯ ದಿನ ನೆನಪಾಯಿತು. ನೆನಪಾದದ್ದಕ್ಕೇ ನಾಚಿಕೆಯಾಯಿತು. ಆರನೆಯ ದಿನ ಮೆಲ್ಲಗೆ ಕೇಳಿದಳು: "ಅವ್ವ, ಕಾರ್ಡು ಕಳಿಸ್ಬೇಕಿತ್ತು."

"ಹನ್ನೊಂದು ದಿನ ಆಗ್ಲಿ ತಡಿಯೇ. ದೇವ್ರ ಹತ್ರ ಐತೆ, ಎಲ್ಲಿ ಓಡಿಹೋಗ್ತದೆ?"

"ಹದಿನಾಲ್ಕಕ್ಕೆ ಮುಟ್ಟಬೇಕು ಅವ್ವ."

ಕೆಂಪಪ್ಪ ಜಗುಲಿಯಿಂದಲೇ ಹೇಳಿದ: "ಸರ್ಕಾರದೋರಿಗೂ ಅಜ್ಜಿ ಇರ್ತಾರೆ. ಅಜ್ಜಿ ಸತ್ತೋದ್ಲು ಅಂದ್ರೆ ಕೇಳಲ್ವಾ? ಒಂದು ಕಾಗ್ದ ಬರೆದು ಹಾಕು."

ಬರೆದು ಹಾಕಿದಳು. ಮನೆಯಲ್ಲಿ ಸಾವಾಗಿದೆ, ಕಾರ್ಡು ಒಂದೆರಡು ದಿನ ತಡವಾಗುತ್ತದೆ, ದಯವಿಟ್ಟು ಹೆಸರು ತೆಗೆಯಬೇಡಿ. ಅಕ್ಷರಗಳು ಗುಂಡಗಿದ್ದವು.

ಎಂಟನೆಯ ದಿನ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ಅವಳು ದೇವರ ಮೂಲೆಗೆ ಹೋದಳು. ಪೆಟ್ಟಿಗೆಗೆ ಬೀಗವಿಲ್ಲ, ಬರಿಯ ಚಿಲಕ. ಕೈ ಚಾಚಿದಳು. ಪಕ್ಕದ ಗಳದ ಮೇಲೆ ಅಜ್ಜಿಯ ಮಾಸಲು ಕೆಂಪು ಸೀರೆ ಇನ್ನೂ ಹಾಗೇ ಇಳಿಬಿದ್ದಿತ್ತು. ಹತ್ತನೆಯ ದಿನ ಅಜ್ಜಿಗೆ ಎಡೆ ಇಡಬೇಕು. ಕಾಗೆ ಬಂದು ಮುಟ್ಟಬೇಕು. ಈ ಸೂತಕವನ್ನು ತಾನು ಮುರಿದು, ಅತ್ತ ಕಾಗೆ ಎಡೆ ಮುಟ್ಟದೆ ಹೋದರೆ? ಓದಿಸಿದವಳಿಗೆ ಅನ್ನ ಮುಟ್ಟದ ಹಾಗೆ ಮಾಡಿ ಯಾವ ಶಾಲೆಯ ಮೆಟ್ಟಿಲು ಹತ್ತಲಿ? ಚಾಚಿದ ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡು ಈಚೆ ಬಂದಳು.

ಆ ಹನ್ನೊಂದು ದಿನವೂ ಅವರ ಮನೆಗೆ ಮಧ್ಯಾಹ್ನದ ಊಟ ಬರುತ್ತಿದ್ದುದು ಪಕ್ಕದ ಮನೆಯಿಂದ. ಪಕ್ಕದ ಮನೆಯ ವೀರಮ್ಮ ಲಿಂಗಾಯತರವಳು. ಕಿರಾಣಿ ಅಂಗಡಿಯವರ ಹೆಂಡತಿ, ಬಾಯಿ ಜೋರು, ಕೈ ಧಾರಾಳ. ಅನ್ನ ಸಾರಿನ ಪಾತ್ರೆ ತಂದು ನಡುಮನೆಯಲ್ಲೇ ಇಟ್ಟು, "ಉಣ್ರೆ, ಅಳೋಕಾದ್ರೂ ಶಕ್ತಿ ಬ್ಯಾಡ್ವಾ?" ಎಂದು ಗದರಿ ಹೋಗುವಳು. ಒಂಬತ್ತನೆಯ ದಿನ ಅವಳು ಕೇಳಿದಳು: "ಯಾಕೆ ಶೇಷಿ, ಮುಖ ಹಿಂಗೆ ಬಾಡೈತೆ?"

ಶೇಷಮ್ಮ ಬಾಯಿ ತೆರೆದಳು. ಅಜ್ಜಿ ಸತ್ತ ಮನೆಯಲ್ಲಿ ಕೆಲಸದ ಮಾತೆತ್ತಿದರೆ ವೀರಮ್ಮ ಏನೆಂದುಕೊಂಡಾಳು?

"ಸಾರಿಗೆ ಏನು ಒಗ್ಗರಣೆ ಹಾಕ್ತೀರಿ ವೀರಮ್ಮಾರೆ? ಭಾಳ ಚೆನ್ನಾಗೈತೆ," ಎಂದಳು.

ಹತ್ತನೆಯ ದಿನ ಕಾಗೆ ಬಂತು. ಎಡೆಯನ್ನು ಬೇಗನೆ ಮುಟ್ಟಿತು. ಎಲ್ಲರೂ ಅಜ್ಜಿ ತೃಪ್ತಳಾಗಿ ಹೋದಳು ಎಂದರು. ಅಂದು ತಾರೀಖು ಹದಿನಾಲ್ಕು.

ಹದಿನೈದಕ್ಕೆ ಮನೆ ಸಾರಿಸಿ, ತಲೆಗೆ ನೀರು ಹಾಕಿಕೊಂಡು, ಹೂವಮ್ಮ ಪೆಟ್ಟಿಗೆ ತೆಗೆದು ಕಾರ್ಡು ಕೊಟ್ಟಳು. ಅದೇ ಹೊತ್ತಿಗೆ ಖಾಲಿ ಪಾತ್ರೆ ಒಯ್ಯಲು ಬಂದ ವೀರಮ್ಮ ಅದೇನೆಂದು ಕೇಳಿದಳು. ಹೂವಮ್ಮ ಹೇಳಿದಳು. ವೀರಮ್ಮ ಪಾತ್ರೆಯನ್ನು ಕೆಳಗಿಟ್ಟಳು.

"ಅಯ್ಯೋ ನಿಮ್ಮ! ನನಗೊಂದು ಮಾತು ಹೇಳಿದ್ರೆ ನಾನೇ ತೆಗೆದುಕೊಡ್ತಿರ್ಲಿಲ್ವೇನ್ರೆ? ನಮಗೆಲ್ಲಿ ಸೂತಕ? ಹುಟ್ಟಿದ್ರೂ ಇಲ್ಲ, ಸತ್ರೂ ಇಲ್ಲ. ದಿನಾ ಬಂದು ಇಲ್ಲೇ ನಿಂತಿದ್ನಲ್ಲೇ ಹೂವಿ, ಈ ಗೋಡೆ ಪಕ್ಕ!"

ಹೂವಮ್ಮ ಗೋಡೆಯನ್ನು ನೋಡಿದಳು. ವೀರಮ್ಮ ನಿಂತ ಜಾಗದಿಂದ ಪೆಟ್ಟಿಗೆಗೆ ನಾಲ್ಕು ಹೆಜ್ಜೆ.

ಮರುದಿನ ಭಾನುವಾರ. ಸೋಮವಾರ ಮೊದಲ ಬಸ್ಸಿಗೆ ಶೇಷಮ್ಮ ಶಿವಮೊಗ್ಗಕ್ಕೆ ಹೋದಳು. ಗುಮಾಸ್ತ ಒರಟನಲ್ಲ. ದಪ್ಪ ಪುಸ್ತಕ ತೆಗೆದು ತೋರಿಸಿದ. ೧೧೮೩ರ ಮೇಲೆ ಕೆಂಪು ಶಾಯಿಯ ಗೆರೆ ಎಳೆದಿತ್ತು.

"ನಿಮ್ಮ ಕಾಗದ ಬಂದಿದೆಯಮ್ಮ. ಕಾರ್ಡು ಬರಲಿಲ್ಲ. ಕಾಗದಕ್ಕೆ ಮೊಹರು ಹಾಕೋಕೆ ಬರೋದಿಲ್ಲ." ಪುಸ್ತಕ ಮುಚ್ಚುತ್ತ, "ಅಕ್ಷರ ಚೆನ್ನಾಗಿದೆ," ಎಂದ.

ಹೊಸ ಕಾರ್ಡು ಬರೆದುಕೊಟ್ಟ. ನಂಬರು ೨೯೦೬.

ಮಾರ್ಚಿನಲ್ಲಿ ರಾಜೇಶ್ವರಮ್ಮನಿಗೆ ಕರೆ ಬಂತು. ಜೂನಿನಲ್ಲಿ ಸೊರಬಕ್ಕೆ ಮೂರು ಮೈಲಿಯ ಒಂದು ಹಳ್ಳಿಯಲ್ಲಿ ಅವಳಿಗೆ ಶಾಲೆ ಕೊಟ್ಟರು. ನೀನು ಬರಲೇಬೇಕು ಎಂದು ಅವಳು ಬರೆದಳು. ಶೇಷಮ್ಮ ಮೂರು ತಿಂಗಳು ಏನೇನೋ ನೆಪ ಹೇಳಿ, ಕೊನೆಗೆ ಶಿರಾಳಕೊಪ್ಪದಲ್ಲಿ ಬಸ್ಸು ಬದಲಾಯಿಸಿ ಹೋದಳು.

ಒಂದೇ ಕೋಣೆಯ ಶಾಲೆ, ನಾಲ್ಕು ತರಗತಿ. ರಾಜೇಶ್ವರಮ್ಮ ಓಡಿ ಬಂದು ಕೈ ಹಿಡಿದುಕೊಂಡಳು. ಅವಳ ಕೈ ತುಂಬ ಸೀಮೆಸುಣ್ಣದ ಪುಡಿ.

"ನನಗೆ ಆ ಕಾಗ್ದ ಬಂದ ದಿನ ಖುಷೀನೇ ಆಗ್ಲಿಲ್ಲ ಮಾರಾಯ್ತಿ. ನಿಂದು ತಗಂಡು ಬಂದ ಹಾಗಾತು."

"ಹುಚ್ಚಿ. ನಿನ್ ನಂಬರು ನಿಂದು."

"ನಾನು ಹಿಂದೆ ನಿಂತಿದ್ದೆ."

"ಈಗ ನಾನು ಹಿಂದೆ ನಿಂತೀನಿ. ಜಾಗ ಬದ್ಲಾತು, ಅಷ್ಟೇ," ಎಂದಳು ಶೇಷಮ್ಮ.

ಹಳ್ಳಿಯ ಪಟೇಲರು ಕರೆಯುತ್ತಾರೆ ಎಂದು ಯಾರೋ ಬಂದರು. ಒಂದು ಗಳಿಗೆ ನೋಡ್ಕೋ ಎಂದು ರಾಜೇಶ್ವರಮ್ಮ ಹೊರಗೆ ಹೋದಳು. ಶೇಷಮ್ಮ ಕಿಟಕಿಯ ಹತ್ತಿರ, ಕೋಣೆಗೆ ಬೆನ್ನು ಮಾಡಿ ನಿಂತಳು. ಆಗ ಹಿಂದಿನಿಂದ ಒಂದು ಹೆಣ್ಣುಮಗುವಿನ ಧ್ವನಿ ಕೇಳಿಸಿತು.

"ಅಕ್ಕೋರೇ."

ಅವಳು ತಿರುಗಲಿಲ್ಲ.

"ಅಕ್ಕೋರೇ, ನಂದು ಸರಿ ಉಂಟಾ ನೋಡಿ."

ತಿರುಗಿದಳು. ಮಗು ಸ್ಲೇಟು ಎತ್ತಿ ಹಿಡಿದಿತ್ತು. ಹದಿನೇಳಕ್ಕೆ ಎಂಟು ಕೂಡಿಸಿ ಹದಿನೈದು ಎಂದು ಬರೆದಿತ್ತು. ನಾನು ನಿಮ್ಮ ಅಕ್ಕೋರಲ್ಲ ಎನ್ನಬೇಕಿತ್ತು. ಶೇಷಮ್ಮ ನೆಲಕ್ಕೆ ಕೂತು ಸ್ಲೇಟು ತೆಗೆದುಕೊಂಡಳು. "ದಶಕ ಒಂದನ್ನ ಎಲ್ಲಿ ಬಿಟ್ಟೆ? ಅದನ್ನ ಹಿಂದಿನ ಮನೆಗೆ ಕರ್ಕೊಂಡು ಬರ್ಬೇಕು," ಎಂದು, ಮಗುವಿನ ಕೈಯಲ್ಲೇ ತಿದ್ದಿಸಿದಳು. ರಾಜೇಶ್ವರಮ್ಮ ಬರುವ ಹೊತ್ತಿಗೆ ಅವಳ ಸುತ್ತ ಆರು ಸ್ಲೇಟುಗಳಿದ್ದವು. ರಾಜೇಶ್ವರಮ್ಮ ಬಾಗಿಲಲ್ಲೇ ನಿಂತಳು, ಆರನೆಯದು ಮುಗಿಯುವವರೆಗೂ ಒಳಗೆ ಬರಲಿಲ್ಲ.

ಸಂಜೆಯ ಬಸ್ಸಿನಲ್ಲಿ ಶೇಷಮ್ಮ ಬಲಗೈಯನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು ಕೂತಳು. ಬೆರಳುಗಳ ಮೇಲೆ ಬಿಳಿ ಪುಡಿ ಇತ್ತು. ಶಿಕಾರಿಪುರ ಬರುವವರೆಗೂ ಒರೆಸಲಿಲ್ಲ.

ಇದು ಕಳೆದ ವರ್ಷದ ಮಾತು. ಈಗ ೧೯೫೯. ಕರೆ ಇನ್ನೂ ಸಾವಿರದ ಏಳುನೂರರ ಆಸುಪಾಸಿನಲ್ಲಿದೆ ಎಂದು ಹೇಳುತ್ತಾರೆ. ಜಟ್ಟಪ್ಪ ಅಂಬ್ಲಿಗೊಳದಲ್ಲೇ ಇದ್ದಾನೆ. ಅವನಿಗೀಗ ಒಂದು ಗುಂಪಿನ ಮೇಲ್ವಿಚಾರಣೆ. ಮಸ್ಟರ್ ರೋಲಿನ ಹಾಜರಿ ಪಟ್ಟಿಯಲ್ಲಿ ಹೆಬ್ಬೆಟ್ಟು ಒತ್ತುವುದು ಮುಜುಗರ ಎಂದು ತಂಗಿಯ ಹತ್ತಿರ ಹೆಸರು ಬರೆಯಲು ಮತ್ತೆ ಕಲಿಯುತ್ತಿದ್ದಾನೆ. ಹಿತ್ತಿಲ ಗೋಡೆಯ ಮೇಲೆ ಅವಳ ಗುಂಡಗಿನ ಸಾಲಿನ ಕೆಳಗೆ ಅವನ ಸೊಟ್ಟ ಸಾಲೊಂದು ಕಾಣುತ್ತದೆ.

ಕಾರ್ಡು ಈಗ ದೇವರ ಪೆಟ್ಟಿಗೆಯಲ್ಲಿಲ್ಲ. ಶಿವಮೊಗ್ಗದಿಂದ ಹೊಸದು ಬಂದ ದಿನ ಹೂವಮ್ಮ ಅದನ್ನು ಕೈಯಲ್ಲಿ ಹಿಡಿದು ದೇವರ ಮೂಲೆಯವರೆಗೂ ಹೋದವಳು ವಾಪಸು ಬಂದಳು. ಬೀದಿ ಬಾಗಿಲ ಪಕ್ಕದಲ್ಲಿ, ಯಾರು ಬೇಕಾದರೂ ಯಾವಾಗ ಬೇಕಾದರೂ ಕೈ ಹಾಕಬಹುದಾದ ಎತ್ತರದಲ್ಲಿ, ಒಂದು ಮೊಳೆ ಹೊಡೆದು, ಬಟ್ಟೆಯ ಚೀಲದಲ್ಲಿಟ್ಟು ತಗುಲಿಹಾಕಿದಳು. "ನಾನಿಲ್ದಿದ್ರೂ ನೀವೇ ತೆಗೆದುಕೊಡ್ರಿ," ಎಂದು ವೀರಮ್ಮನಿಗೆ ಜಾಗ ತೋರಿಸಿದಳು.

ದಿನಾ ಬೆಳಿಗ್ಗೆ ಹೊಸಲಿಗೆ ಕುಂಕುಮ ಇಟ್ಟಾದ ಮೇಲೆ ಹೂವಮ್ಮ ಬೆರಳಲ್ಲಿ ಉಳಿದಷ್ಟನ್ನು ಆ ಮೊಳೆಗೂ ಹಚ್ಚುತ್ತಾಳೆ. ಹಚ್ಚಿ ಹಚ್ಚಿ ಮೊಳೆಯ ತಲೆ ಕೆಂಪಾಗಿದೆ. ಹತ್ತು ಗಂಟೆಗೆ ಆಚೆ ಬೀದಿಯ ಗಂಟೆ ಹೊಡೆಯುತ್ತದೆ. ಶೇಷಮ್ಮನ ಕೈ ಒಂದು ಕ್ಷಣ ನಿಂತು, ಮತ್ತೆ ಕೆಲಸಕ್ಕೆ ತೊಡಗುತ್ತದೆ.